ಮನೆ ಎಷ್ಟು ತಿಂಗಳು ತಾಳುತ್ತದೆ? ಕಾಸರಗೋಡಿನ ಬಡಮನೆಯ ಯುವಕ ಯುವತಿಯರಿಗೆ ಓದು, ತರಬೇತಿಗಳ ಹೋಲಿಕೆ

ಅಡಿಕೆ ಸುಲಿಯುವ ಕೆಲಸ ಮುಗಿಸಿ ಸಂಜೆ ನಮ್ಮೂರಿನ ಗ್ರಂಥಾಲಯಕ್ಕೆ ಬಂದ ಹುಡುಗ ಮೊಬೈಲನ್ನು ನನ್ನ ಮುಂದೆ ಹಿಡಿದ. ವಾಟ್ಸಾಪಿನಲ್ಲಿ ಯಾರೋ ಕಳಿಸಿದ ಪೋಸ್ಟರ್. ‘ಉಚಿತ ತರಬೇತಿ, ಊಟ ವಸತಿ ಫ್ರೀ, ನೂರಕ್ಕೆ ನೂರು ಉದ್ಯೋಗ.’ ಕೆಳಗೆ ಒಂದು ನಂಬರು, ಸಂಸ್ಥೆಯ ವಿಳಾಸವಿಲ್ಲ. “ಇದಕ್ಕೆ ಸೇರಬಹುದಾ ಮಾಷ್ಟ್ರೇ?” ಎಂದ. ವಯಸ್ಸು ಇಪ್ಪತ್ತು. ಪ್ಲಸ್ ಟುವಿನಲ್ಲಿ, ಅಂದರೆ ಹನ್ನೆರಡನೆಯದರಲ್ಲಿ, ಎರಡು ವಿಷಯ ಬಾಕಿ. ಅಪ್ಪನಿಗೆ ಬೆನ್ನುನೋವು, ತಂಗಿ ಒಂಬತ್ತನೆಯಲ್ಲಿ.

ಪೋಸ್ಟರಿನ ವಿಷಯ ಬದಿಗಿಟ್ಟು, “ನೀನು ದುಡಿಯದಿದ್ದರೆ ಮನೆ ಎಷ್ಟು ತಿಂಗಳು ನಡೀತದೆ?” ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಎರಡು ತಿಂಗಳು ಹೇಗಾದರೂ ದೂಡಬಹುದು” ಎಂದ.

ಮಂಜೇಶ್ವರದಿಂದ ಹೊಸದುರ್ಗದವರೆಗೆ ಇಂಥವರಿಗೆ ದಾರಿಗಳು ಕಡಿಮೆ ಇಲ್ಲ. ಶಾಲೆ ಬಿಟ್ಟವರಿಗಾಗಿ ಇರುವ ತುಲ್ಯತಾ (ಸಮಾನ) ಪರೀಕ್ಷೆ, ಓಪನ್ ಸ್ಕೂಲ್, ಐಟಿಐ, ಕೇರಳದ ಹೆಂಗಸರ ಸ್ವಸಹಾಯ ಜಾಲವಾದ ಕುಟುಂಬಶ್ರೀ ಮೂಲಕದ ತರಬೇತಿ, ಬ್ಯಾಂಕುಗಳ ಸ್ವ ಉದ್ಯೋಗ ತರಬೇತಿ, ಅಪ್ರೆಂಟಿಸ್, ಪಿಎಸ್‌ಸಿ ಅಂದರೆ ಕೇರಳ ಲೋಕಸೇವಾ ಆಯೋಗದ ಪರೀಕ್ಷೆ, ಮಂಗಳೂರಿನ ರೈಲು. ಹತ್ತು ವರ್ಷಗಳಿಂದ ಅರ್ಜಿ ತುಂಬಿಸಿಕೊಡುತ್ತ ನಾನು ಕಂಡದ್ದು ಇಷ್ಟು: ಹುಡುಗರು ಕೋರ್ಸಿನ ಹೆಸರು ನೋಡಿ ಸೇರುತ್ತಾರೆ, ಮನೆಯ ಅಕ್ಕಿ ಮುಗಿದಾಗ ಬಿಡುತ್ತಾರೆ. ಅದಕ್ಕೇ ಇಲ್ಲಿ ಕೋರ್ಸುಗಳನ್ನು ಮನೆ ತಾಳುವ ತಿಂಗಳುಗಳ ಪಕ್ಕದಲ್ಲಿಟ್ಟು ನೋಡುತ್ತೇನೆ.

ಫ್ರೀ ಎಂದರೆ ಎಷ್ಟು ಖರ್ಚು

ರಿಸರ್ವ್ ಬ್ಯಾಂಕಿನ ಲೆಕ್ಕದಲ್ಲಿ 2022–23ರಲ್ಲಿ ಕೇರಳದ ಹಳ್ಳಿಗಳಲ್ಲಿ ಕಟ್ಟಡ ಕೆಲಸದವರ ಸರಾಸರಿ ದಿನಗೂಲಿ 852 ರೂಪಾಯಿ. ದೇಶದ ಸರಾಸರಿ 393. ತಿಂಗಳಿಗೆ ಹದಿನೈದೇ ದಿನ ಕೆಲಸ ಸಿಕ್ಕಿದರೂ ಕೈಗೆ 12,000 ದಾಟುತ್ತದೆ. ಎರಡು ವರ್ಷ ಐಟಿಐಗೆ ಹೋದರೆ ಮನೆಗೆ ಬಾರದೆ ಹೋಗುವ ಹಣ 2,88,000 ರೂಪಾಯಿ. ಫೀಸು ಏನೂ ಇಲ್ಲದಿದ್ದರೂ ಆ ತರಬೇತಿಯ ಬೆಲೆ ಅಷ್ಟು. ‘ಈ ಹುಡುಗರಿಗೆ ಕಲಿಯುವ ಆಸಕ್ತಿಯೇ ಇಲ್ಲ’ ಎನ್ನುವ ನಮ್ಮ ಗ್ರಂಥಾಲಯ ಸಮಿತಿಯ ಹಿರಿಯರಿಗೆ ಒಮ್ಮೆ ಈ ಲೆಕ್ಕವನ್ನು ಬರೆದು ತೋರಿಸಿದ್ದೆ. ಆಮೇಲೆ ಅವರು ಆ ಮಾತು ಆಡಿಲ್ಲ.

ಕೂಲಿಯೂ ಇಪ್ಪತ್ತರ ಹರೆಯದಲ್ಲಿ ಚೆನ್ನಾಗಿಯೇ ಕಾಣುತ್ತದೆ. ನಲವತ್ತಕ್ಕೆ ಸೊಂಟ ಹಿಡಿದಾಗಲೂ ಅದೇ 852ರ ಲೆಕ್ಕ. ಆ ಹುಡುಗನ ಅಪ್ಪನನ್ನೇ ನೋಡಿದರೆ ಸಾಕು.

ಹತ್ತನೆಯದು ಇಲ್ಲದವರು

ಈಗಿನ ಮಕ್ಕಳಿಗೆ ಎಸ್ಸೆಸ್ಸೆಲ್ಸಿ ದೊಡ್ಡ ಅಡ್ಡಿಯಲ್ಲ. 2024ರಲ್ಲಿ ಕೇರಳದಲ್ಲಿ 99.69 ಶೇಕಡ ಪಾಸು. ಸಿಕ್ಕಿಬಿದ್ದಿರುವವರು ಪರೀಕ್ಷೆಗೇ ಕೂರದವರು. ಎಂಟಕ್ಕೋ ಒಂಬತ್ತಕ್ಕೋ ಶಾಲೆ ಬಿಟ್ಟ ಕಾಲನಿಯ ಮಕ್ಕಳು, ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು ಉಳಿದ ಅಕ್ಕಂದಿರು. ಎಣ್ಮಕಜೆಯ ಕಡೆ ಹೋದರೆ ಎಂಡೋಸಲ್ಫಾನ್ ಕೀಟನಾಶಕದ ಬಾಧಿತರ ಮನೆಗಳಲ್ಲಿ ಅಂಥ ಅಕ್ಕಂದಿರನ್ನು ಕಾಣುತ್ತೀರಿ. ಅವರ ಮುಂದೆ ರೆಸಿಡೆನ್ಶಿಯಲ್ ಕೋರ್ಸಿನ ಮಾತೆತ್ತುವುದೇ ತಪ್ಪು.

ಇವರಿಗೆ ಎರಡು ದಾರಿ. ಒಂದು ಕೇರಳ ಸಾಕ್ಷರತಾ ಮಿಷನ್ನಿನ ತುಲ್ಯತಾ. ಏಳನೆಯದು ಪಾಸಾಗಿ 17 ತುಂಬಿದ್ದರೆ ಹತ್ತನೆಯ ತುಲ್ಯತಾಕ್ಕೆ ಸೇರಬಹುದು. ಕ್ಲಾಸು ರಜಾದಿನಗಳಲ್ಲಿ, ಸಾಮಾನ್ಯವಾಗಿ ಭಾನುವಾರ, ಹತ್ತಿರದ ಸರಕಾರಿ ಶಾಲೆಯಲ್ಲಿ. ಪರೀಕ್ಷೆ ನಡೆಸಿ ಸರ್ಟಿಫಿಕೇಟು ಕೊಡುವುದು ಪರೀಕ್ಷಾ ಭವನ. ನಮ್ಮ ಜಿಲ್ಲೆಯಲ್ಲಿ ಕನ್ನಡದಲ್ಲೇ ಕಲಿತು ಬರೆಯಬಹುದು. ಎಸ್‌ಸಿ, ಎಸ್‌ಟಿಯವರಿಗೆ ಕೋರ್ಸ್ ಫೀಸಿನಲ್ಲಿ ವಿನಾಯಿತಿ ಇದೆ. ಪಂಚಾಯತಿನಲ್ಲಿ ‘ಪ್ರೇರಕ್ (ಮಿಷನ್ನಿನ ಕಾರ್ಯಕರ್ತ) ಯಾರು’ ಎಂದು ಕೇಳಿದರೆ ದಾರಿ ತೋರಿಸುತ್ತಾರೆ. ಏಳನೆಯದೂ ಇಲ್ಲದವರು ಮೊದಲು ನಾಲ್ಕರ, ಆಮೇಲೆ ಏಳರ ತುಲ್ಯತಾ ಬರೆಯಬೇಕು.

ಇನ್ನೊಂದು ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲೆ. 14 ತುಂಬಿದ್ದರೆ ಸಾಕು. ವರ್ಷಕ್ಕೆ ಎರಡು ಸಲ ಪರೀಕ್ಷೆ. ಒಮ್ಮೆ ನೋಂದಾಯಿಸಿದರೆ ಐದು ವರ್ಷದಲ್ಲಿ ಒಂಬತ್ತು ಅವಕಾಶ. ಒಂದೊಂದೇ ವಿಷಯ ಬರೆದು ಮುಗಿಸಬಹುದು. ಬೆಂಗಳೂರಿನ ಬೇಕರಿಯಲ್ಲೋ ಗಲ್ಫಿಗೆ ಹೋಗುವ ತಯಾರಿಯಲ್ಲೋ ಇರುವ ಹುಡುಗನಿಗೆ ಇದೇ ಅನುಕೂಲ. ಆದರೆ ಫೀಸು ಹೆಚ್ಚು, ಓದು ಬಹುಪಾಲು ಒಂಟಿಯಾಗಿ. ಶಾಲೆ ಬಿಟ್ಟು ಆರು ವರ್ಷ ಆದವನಿಗೆ ಪುಸ್ತಕ ಕೊಟ್ಟು ‘ನೀನೇ ಓದು’ ಎಂದರೆ ಅದು ಅಟ್ಟ ಸೇರುತ್ತದೆ. ನಾನು ಎನ್‌ಐಒಎಸ್‌ಗೆ ಸೇರಿಸಿದವರಲ್ಲಿ ಮುಗಿಸಿದವರು ಕಡಿಮೆ. ತುಲ್ಯತಾದ ಭಾನುವಾರದ ಬೆಂಚಿನಲ್ಲಿ ಪಕ್ಕದಲ್ಲೊಬ್ಬಳು ಐವತ್ತು ವರ್ಷದ ಅಕ್ಕ ಕೂತು ಬರೆಯುವುದನ್ನು ನೋಡಿದರೆ ಹುಡುಗರಿಗೆ ಬಿಟ್ಟು ಓಡಲು ನಾಚಿಕೆ. ಊರಲ್ಲೇ ಇರುವವರಾದರೆ ತುಲ್ಯತಾ, ಅಲೆಯುವವರಾದರೆ ಎನ್‌ಐಒಎಸ್.

ಹತ್ತನೆಯದು ಯಾಕೆ ಅಷ್ಟು ಮುಖ್ಯ ಎಂದರೆ, ಪಾಸ್‌ಪೋರ್ಟಿನ ಕತೆ ಒಂದೇ ಸಾಕು. ಹತ್ತನೆಯದಿಲ್ಲದವನ ಪಾಸ್‌ಪೋರ್ಟು ಸಾಮಾನ್ಯವಾಗಿ ಇಸಿಆರ್ ಆಗುತ್ತದೆ. ಸೌದಿ, ಯುಎಇ, ಕುವೈತ್, ಕತಾರ್ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು. ಪಾಸಾದವನಿಗೆ ಆ ಕಾಗದದ ಗೋಜಿಲ್ಲ. ಮನೆಗೊಬ್ಬ ಗಲ್ಫಿನಲ್ಲಿರುವ ಊರಿನಲ್ಲಿ ಇದನ್ನು ಹೇಳಿದರೆ ತಾಯಂದಿರಿಗೆ ಬೇರೆ ವಿವರಣೆ ಬೇಡ.

ಪ್ಲಸ್ ಟುವಿನ ನಡುವೆ ನಿಂತವರು

ನಿಜವಾದ ಗುಂಡಿ ಇಲ್ಲಿದೆ. ಅದೇ 2024ರಲ್ಲಿ ಪ್ಲಸ್ ಟು ಪಾಸಾದವರು 78.69 ಶೇಕಡ. ಹತ್ತರವರೆಗೆ ಕನ್ನಡದಲ್ಲಿ ಓದಿ, ಸಿಕ್ಕ ಸೀಟೆಂದು ಸಯನ್ಸಿಗೆ ಸೇರಿ, ಪುಸ್ತಕ ಇಂಗ್ಲಿಷಿನಲ್ಲಿ, ಮಾಷ್ಟ್ರ ವಿವರಣೆ ಮಲಯಾಳದಲ್ಲಿ, ತಲೆಯೊಳಗೆ ತುಳು. ಎರಡು ವಿಷಯ ಹೋಗದಿದ್ದರೆ ಆಶ್ಚರ್ಯ.

ಈಗಷ್ಟೇ ಫೇಲಾದವರು ‘ಸೇ’ ಎಂಬ ಮರುಪರೀಕ್ಷೆ ಬಿಡಬಾರದು. ಎರಡು ಮೂರು ವರ್ಷ ಕಳೆದವರು ಎನ್‌ಐಒಎಸ್ ಹೈಯರ್ ಸೆಕೆಂಡರಿಗೆ ಸೇರಿ, ಆಗಲೇ ಪಾಸಾಗಿರುವ ವಿಷಯಗಳಲ್ಲಿ ಎರಡರ ಅಂಕಗಳನ್ನು ಅಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ಕಷ್ಟದ ವಿಷಯವನ್ನು ಬಿಟ್ಟು ಬೇರೆ ವಿಷಯ ತೆಗೆದುಕೊಳ್ಳಲೂ ಅಲ್ಲಿ ದಾರಿ ಇದೆ. ಸಾಕ್ಷರತಾ ಮಿಷನ್ನಿನ ಪ್ಲಸ್ ಟು ತುಲ್ಯತಾಕ್ಕೆ 22 ತುಂಬಿರಬೇಕು. ಹ್ಯುಮಾನಿಟೀಸ್ ಮತ್ತು ಕಾಮರ್ಸ್ ಮಾತ್ರ, ಅವಧಿ ಎರಡು ವರ್ಷ. ಐಟಿಐಗೆ ಹೋಗುವ ಮನಸ್ಸಿದ್ದರೆ ಪ್ಲಸ್ ಟು ಬಾಕಿಯನ್ನು ಸದ್ಯಕ್ಕೆ ಪಕ್ಕಕ್ಕಿಡಬಹುದು. ಅಲ್ಲಿ ಕೇಳುವುದು ಹತ್ತನೆಯದನ್ನು.

ಐಟಿಐ, ಅಥವಾ ಕೆಲವೇ ತಿಂಗಳ ಕೋರ್ಸ್

ನನ್ನ ಪಕ್ಷಪಾತ ಮೊದಲೇ ಹೇಳಿಬಿಡುತ್ತೇನೆ. ಮನೆ ತಾಳುವುದಾದರೆ ಐಟಿಐ.

ಎಲೆಕ್ಟ್ರೀಷಿಯನ್, ಫಿಟ್ಟರ್, ಸಿವಿಲ್ ಡ್ರಾಫ್ಟ್ಸ್‌ಮ್ಯಾನ್ ಎರಡು ವರ್ಷ; ವೆಲ್ಡರ್, ಪ್ಲಂಬರ್, ಕಂಪ್ಯೂಟರ್ ಆಪರೇಟರ್ ಒಂದು ವರ್ಷ. ವಯಸ್ಸು 14 ತುಂಬಿರಬೇಕು, ಮೇಲಿನ ಮಿತಿ ಇಲ್ಲ. ವೆಲ್ಡರ್, ವೈರ್‌ಮ್ಯಾನ್ ಮುಂತಾದ ಕೆಲವು ಟ್ರೇಡುಗಳಿಗೆ ಹತ್ತನೆಯದೂ ಬೇಕಾಗಿಲ್ಲ. ಸರಕಾರಿ ಐಟಿಐಯಲ್ಲಿ ಫೀಸು ಹೆಸರಿಗೆ ಮಾತ್ರ. ಜಿಲ್ಲಾ ಕೇಂದ್ರದಲ್ಲಿ ವಿದ್ಯಾನಗರದ ಐಟಿಐ ಇದೆ, ದಕ್ಷಿಣಕ್ಕೆ ಕಯ್ಯೂರಿನಲ್ಲಿದೆ, ನಮ್ಮ ಉತ್ತರದವರಿಗೆ ಬೇಳದಲ್ಲಿ ಪರಿಶಿಷ್ಟ ಜಾತಿ ಅಭಿವೃದ್ಧಿ ಇಲಾಖೆಯ ಐಟಿಐ ಇದೆ. ಬೇಳದ್ದರಲ್ಲಿ ಬಹುಪಾಲು ಸೀಟು ಎಸ್‌ಸಿ ಮಕ್ಕಳಿಗೆ, ಸ್ಟೈಪೆಂಡೂ ಉಂಟು. ಆದರೂ ಅದರ ಹೆಸರು ಕೇಳದ ಕಾಲನಿಗಳು ಎಷ್ಟೋ.

ಕೈಗೆ ಬರುವ ನ್ಯಾಷನಲ್ ಟ್ರೇಡ್ ಸರ್ಟಿಫಿಕೇಟು ತಲಪಾಡಿ ಗಡಿಯ ಆಚೆ ಕರ್ನಾಟಕದಲ್ಲೂ ನಡೆಯುತ್ತದೆ, ರೈಲ್ವೆ ಅರ್ಜಿಗೂ ನಡೆಯುತ್ತದೆ. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಪಾಲಿಟೆಕ್ನಿಕ್ ಡಿಪ್ಲೊಮಾದ ಎರಡನೇ ವರ್ಷಕ್ಕೆ ಲ್ಯಾಟರಲ್ ಎಂಟ್ರಿ ಇದೆ. ಅಂದರೆ ಏಣಿಯ ಮೇಲಿನ ಮೆಟ್ಟಿಲು ಮುರಿದಿಲ್ಲ. ಮೂರು ತಿಂಗಳ ಸರ್ಟಿಫಿಕೇಟಿನಲ್ಲಿ ನನಗೆ ಕಾಣದ್ದು ಇದೇ ಮೆಟ್ಟಿಲು.

2024ರ ನವೆಂಬರಿನಲ್ಲಿ ಕೇರಳ ಸರಕಾರ ಐಟಿಐಗಳಿಗೆ ಶನಿವಾರ ರಜೆ ಘೋಷಿಸಿತು. ಹುಡುಗಿಯರಿಗೆ ತಿಂಗಳಿಗೆ ಎರಡು ದಿನ ಮುಟ್ಟಿನ ರಜೆಯನ್ನೂ. ಸುದ್ದಿಯಾದದ್ದು ಮುಟ್ಟಿನ ರಜೆ. ನಮ್ಮ ಹುಡುಗರಿಗೆ ಉಪಕಾರವಾದದ್ದು ಶನಿವಾರ. ಶನಿ, ಭಾನು ಸೇರಿ ತಿಂಗಳಿಗೆ ಎಂಟು ದಿನ ಅಡಿಕೆ ತೋಟಕ್ಕೋ ಸೆಂಟ್ರಿಂಗಿಗೋ ಹೋಗಬಹುದು. 852ರ ಲೆಕ್ಕದಲ್ಲಿ 6,800 ರೂಪಾಯಿ. ಎರಡೇ ತಿಂಗಳು ತಾಳುವ ಮನೆ ಎರಡು ವರ್ಷ ತಾಳುವುದು ಹೀಗೆ.

ಇನ್ನು ಕಡಿಮೆ ಅವಧಿಯ ಕೋರ್ಸುಗಳು. ಇವುಗಳಲ್ಲಿ ಮೊದಲು ನೋಡಬೇಕಾದ್ದು ಕುಟುಂಬಶ್ರೀ ಮೂಲಕ ನಡೆಯುವ ಡಿಡಿಯುಜಿಕೆವೈ, 2014ರಲ್ಲಿ ಶುರುವಾದ ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ. 15ರಿಂದ 35 ವರ್ಷ. ಹೆಂಗಸರಿಗೆ, ಅಂಗವಿಕಲರಿಗೆ, ಕೊರಗರಂಥ ಅತಿ ದುರ್ಬಲ ಬುಡಕಟ್ಟಿನವರಿಗೆ 45ರವರೆಗೆ. ಬಿಪಿಎಲ್ ಕಾರ್ಡು, ತೊಳಿಲುರಪ್ಪಿನಲ್ಲಿ (ಉದ್ಯೋಗ ಖಾತರಿಯಲ್ಲಿ) ಹದಿನೈದು ದಿನ ಮಾಡಿದ ಕೆಲಸ, ಅಥವಾ ಮನೆಯಲ್ಲೊಬ್ಬರು ಕುಟುಂಬಶ್ರೀ ಸದಸ್ಯೆ, ಇವುಗಳಲ್ಲಿ ಒಂದಿದ್ದರೂ ಸಾಕು. ಕನಿಷ್ಠ ಮೂರು ತಿಂಗಳು. ತರಬೇತಿ, ಊಟ, ವಸತಿ, ಯೂನಿಫಾರ್ಮ್ ಎಲ್ಲ ಅವರದೇ. ತರಬೇತಿ ಕೊಟ್ಟ ಸಂಸ್ಥೆ ಕನಿಷ್ಠ 70 ಶೇಕಡ ಮಂದಿಗೆ ಕೆಲಸ ಕೊಡಿಸಬೇಕೆಂಬ ಶರತ್ತೂ ಇದೆ. ಕೆಲಸಕ್ಕೆ ಸೇರಿದ ಮೇಲೆ ತಿಂಗಳಿಗೆ 1,000 ರೂಪಾಯಿ ನೆರವು: ಸ್ವಂತ ಜಿಲ್ಲೆಯಲ್ಲಾದರೆ ಎರಡು ತಿಂಗಳು, ರಾಜ್ಯದೊಳಗೆ ಮೂರು, ಹೊರ ರಾಜ್ಯದಲ್ಲಾದರೆ ಆರು.

ಆ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ. ಕೆಲಸ ದೂರದಲ್ಲಿ ಸಿಗುತ್ತದೆ ಎಂಬುದನ್ನು ಯೋಜನೆಯೇ ಒಪ್ಪಿಕೊಂಡಿದೆ. ಕೊಚ್ಚಿಯಲ್ಲೋ ಬೆಂಗಳೂರಿನಲ್ಲೋ ಕೋಣೆ ಬಾಡಿಗೆ, ಊಟ ಕಳೆದು ಮನೆಗೆ ಎಷ್ಟು ಕಳಿಸಬಹುದು ಎಂದು ಸೇರುವ ಮೊದಲೇ ಕೂಡಿಸಿ ಕಳೆದು ನೋಡಬೇಕು. ಊರು ಬಿಟ್ಟು ಹೋಗಲು ಮನಸ್ಸು ಗಟ್ಟಿ ಇರುವವರಿಗೆ, ಮನೆಯಲ್ಲಿ ಇನ್ನೊಬ್ಬ ದುಡಿಯುವವರಿರುವ ಕಡೆ, ಇದು ಒಳ್ಳೆಯದು. ಮನೆಮಂದಿಯನ್ನು ಬಿಟ್ಟಿರಲು ಆಗದವರು ಮೂರು ತಿಂಗಳು ಕಲಿತು ನಾಲ್ಕನೆಯ ತಿಂಗಳು ವಾಪಸು ಬರುತ್ತಾರೆ. ಹಾಗೆ ಬಂದವರು ಸೋತವರಂತೆ ಮುಖ ಮುಚ್ಚಿಕೊಂಡು ತಿರುಗುವುದು ನೋಡಿದರೆ ಸಂಕಟವಾಗುತ್ತದೆ. ಅವರು ಸೋತದ್ದಲ್ಲ, ಕಳಿಸಿದವರು ಕೇಳಬೇಕಾದ್ದನ್ನು ಕೇಳಿರಲಿಲ್ಲ.

ಅಪ್ರೆಂಟಿಸ್ ಬಗ್ಗೆ ನಮ್ಮ ಕಡೆ ಯಾರೂ ಮಾತಾಡುವುದಿಲ್ಲ. ಕಲಿಯುತ್ತಲೇ ತಿಂಗಳು ತಿಂಗಳು ಹಣ ಬರುವ ದಾರಿ ಅದು. 2019ರಲ್ಲಿ ತಿದ್ದಿದ ನಿಯಮದಂತೆ ಐದರಿಂದ ಒಂಬತ್ತನೆಯವರೆಗೆ ಓದಿದವನಿಗೂ ತಿಂಗಳಿಗೆ ಕನಿಷ್ಠ 5,000, ಹತ್ತು ಪಾಸಾದವನಿಗೆ 6,000, ಐಟಿಐ ಮುಗಿಸಿದವನಿಗೆ 7,000 ಎಂದು ನಿಗದಿಯಾಯಿತು. ಕೂಲಿಗೆ ಹೋಲಿಸಿದರೆ ಅರ್ಧ, ಸರಿ. ಆದರೆ ಐಟಿಐ ಮುಗಿಸಿ ಮನೆಯಲ್ಲಿ ಕೂತು ‘ಅನುಭವ ಇಲ್ಲ ಅಂತ ಯಾರೂ ತೆಗೊಳ್ಳೋದಿಲ್ಲ’ ಎನ್ನುವ ಹುಡುಗರಿಗೆ ನಾನು ಹೇಳುವುದು ಇದನ್ನೇ. ಅಪ್ರೆಂಟಿಸ್‌ಶಿಪ್ ಪೋರ್ಟಲಿನಲ್ಲಿ ಹೆಸರು ನೋಂದಾಯಿಸಲು ಅರ್ಧ ಗಂಟೆ ಸಾಕು.

ಸ್ವಂತ ಕಸುಬಿಗೆ

ಒಂದೂವರೆ ತಿಂಗಳಿಗಿಂತ ಹೆಚ್ಚು ಕೂಲಿ ಬಿಡಲಾಗದ ಮನೆಗಳೂ ಇವೆ. ಅವರಿಗೆ ಬ್ಯಾಂಕುಗಳ ಸ್ವ ಉದ್ಯೋಗ ತರಬೇತಿ ಸಂಸ್ಥೆ, ಆರ್‌ಸೆಟಿ. ಇದರ ಬೇರು ನಮ್ಮ ನೆರೆಯಲ್ಲೇ ಇದೆ: 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಸೇರಿ ಕಟ್ಟಿದ ರುಡ್‌ಸೆಟ್. ಅದರ ಮಾದರಿಯನ್ನೇ ಕೇಂದ್ರ ಸರಕಾರ ಜಿಲ್ಲೆ ಜಿಲ್ಲೆಗೆ ಒಯ್ದಿತು. ನಮ್ಮ ಜಿಲ್ಲೆಯದು ಹೊಸದುರ್ಗದ ಬಳಿಯ ವೆಳ್ಳಿಕೋತಿನಲ್ಲಿ. ಮೊಬೈಲ್ ರಿಪೇರಿ, ಫ್ರಿಜ್ ಎಸಿ, ಹೈನುಗಾರಿಕೆ, ಬ್ಯೂಟಿ ಪಾರ್ಲರ್ ಇಂಥವು; ಹೆಚ್ಚಿನವು ಹತ್ತರಿಂದ 45 ದಿನ, ಊಟ ವಸತಿ ಸಹಿತ ಉಚಿತ. ಮುಗಿದ ಮೇಲೆ ಎರಡು ವರ್ಷ ಬೆನ್ನುಹಿಡಿದು ವಿಚಾರಿಸುತ್ತಾರೆ, ಬ್ಯಾಂಕ್ ಸಾಲಕ್ಕೆ ದಾರಿ ಮಾಡಿಕೊಡುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ. ಇದು ಕೆಲಸ ಕೊಡಿಸುವ ತರಬೇತಿಯಲ್ಲ, ಅಂಗಡಿ ಇಡಿಸುವ ತರಬೇತಿ. ಗಿರಾಕಿಯ ಹತ್ತಿರ ಮಾತಾಡಲು ನಾಚುವವನು ಒಳ್ಳೆಯ ಮೆಕ್ಯಾನಿಕ್ ಆಗಿಯೂ ಅಂಗಡಿ ಮುಚ್ಚಬೇಕಾಗುತ್ತದೆ.

ಇದಕ್ಕೂ ಚಿಕ್ಕದು, ಆದರೆ ನಮ್ಮ ಮಣ್ಣಿಗೆ ಹೊಂದುವುದು, ತೆಂಗು ಹತ್ತುವ ತರಬೇತಿ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಶುರುಮಾಡಿದ ‘ತೆಙ್ಙಿನ್ ಚಙ್ಙಾತಿಕ್ಕೂಟ್ಟಂ’, ಅಂದರೆ ತೆಂಗಿನ ಗೆಳೆಯರ ಬಳಗ. ಆರು ದಿನ, ಯಂತ್ರದಿಂದ ಹತ್ತುವುದು, ಔಷಧಿ ಬಿಡುವುದು. ಹತ್ತುವ ಯಂತ್ರವೂ ವಿಮೆಯೂ ಸಿಗುತ್ತದೆ. 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿರುವ ಕೂಡ್ಲಿನ ಸಿಪಿಸಿಆರ್‌ಐ ನಮ್ಮ ಬಗಲಲ್ಲೇ ಇದೆ, ಕೃಷಿ ವಿಜ್ಞಾನ ಕೇಂದ್ರವೂ ಅಲ್ಲೇ. ಕಾಯಿ ಕೀಳಲು ಜನ ಸಿಗದೆ ತೋಟದವರು ತಿಂಗಳುಗಟ್ಟಲೆ ಕಾಯುವ ಊರಿನಲ್ಲಿ ಆರು ದಿನಕ್ಕೆ ಇದಕ್ಕಿಂತ ಹೆಚ್ಚು ಕೊಡುವ ತರಬೇತಿ ನಾನು ಕಂಡಿಲ್ಲ. ಅಡಿಕೆಗೆ ಕಾರ್ಬನ್ ಫೈಬರಿನ ದೋಟಿ ಬಂದ ಮೇಲೆ ಮರ ಹತ್ತದೆ ಕೊಯ್ಯುವವರಿಗೂ ಹಾಗೆಯೇ ಬೇಡಿಕೆ. ಆದರೆ ‘ಮರ ಹತ್ತುವ ಕೆಲಸ’ ಎಂದರೆ ಹೆಣ್ಣು ಕೊಡುವುದಿಲ್ಲ ಎಂಬ ಮಾತು ಇದೆಯಲ್ಲ, ಅದಕ್ಕೆ ನನ್ನಲ್ಲಿ ಮದ್ದಿಲ್ಲ.

ಬುಟ್ಟಿ ಹೆಣೆಯುವ ಕೊರಗರ ಮನೆಗಳು, ಬಡಗಿ, ಕಮ್ಮಾರ, ಕುಂಬಾರ, ದರ್ಜಿಗಳು 2023ರ ಪಿಎಂ ವಿಶ್ವಕರ್ಮ ಯೋಜನೆಯನ್ನು ನೋಡಬೇಕು. 18 ಕಸುಬುಗಳಿಗೆ ಅನ್ವಯ. ತರಬೇತಿಯ ದಿನಕ್ಕೆ 500 ರೂಪಾಯಿ ಸ್ಟೈಪೆಂಡ್, ಉಪಕರಣಕ್ಕೆ 15,000ದವರೆಗೆ, ಸಾಲ ಮೊದಲು ಒಂದು ಲಕ್ಷ, ತೀರಿಸಿದರೆ ಎರಡು ಲಕ್ಷ, ಬಡ್ಡಿ 5 ಶೇಕಡ. ಮನೆಗೆ ಒಬ್ಬರಿಗೆ ಮಾತ್ರ. ಇಲ್ಲಿ ಹೊಸ ಕಸುಬು ಕಲಿಸುವುದಿಲ್ಲ, ಇರುವ ಕೈಗೆ ಹತ್ಯಾರು ಕೊಡುತ್ತಾರೆ.

ಹೆಣ್ಣುಮಕ್ಕಳಿಗೆ ಹೊಲಿಗೆಯೊಂದೇ?

ಯಾವ ಸಂಘ ಹುಟ್ಟಿದರೂ ಮೊದಲ ಕಾರ್ಯಕ್ರಮ ಹೊಲಿಗೆ ತರಬೇತಿ. ಉದ್ಘಾಟನೆ, ಫೋಟೋ, ಆರು ತಿಂಗಳ ನಂತರ ಒಂದೇ ವಾರ್ಡಿನಲ್ಲಿ ಇಪ್ಪತ್ತು ಮಂದಿ ರವಿಕೆ ಹೊಲಿಯುವವರು, ಹೊಲಿಸುವವರು ಅದೇ ಹಳೆಯ ನಲವತ್ತು ಮನೆ. ಮನೆ ಬಿಟ್ಟು ಕದಲಲಾಗದವರಿಗೆ ಅದು ಇರಲಿ. ಬಸ್ಸು ಹತ್ತಬಲ್ಲವರಿಗೆ ಬೇರೆಯದನ್ನು ತೋರಿಸಬೇಕು: ಐಟಿಐಯ ಡ್ರಾಫ್ಟ್ಸ್‌ಮ್ಯಾನ್, ಕಂಪ್ಯೂಟರ್ ಆಪರೇಟರ್.

ನರ್ಸಿಂಗ್ ಬಗ್ಗೆ ಮಾತ್ರ ಸ್ವಲ್ಪ ನಿಂತು ಹೇಳಬೇಕು. ನನ್ನ ಅಕ್ಕನ ಮಗಳು ಪ್ಲಸ್ ಟು ಮುಗಿಸಿ ಗಡಿಯಾಚೆಯ ಒಂದು ಸಂಸ್ಥೆಯಲ್ಲಿ ಒಂದು ವರ್ಷದ ‘ನರ್ಸಿಂಗ್ ಡಿಪ್ಲೊಮಾ’ ಎಂದು ಸೇರಿದಳು. ಬಿಳಿ ಕೋಟು, ಟೋಪಿ ಹಾಕಿಸಿ ಫೋಟೋವನ್ನೂ ತೆಗೆಸಿದರು. ಅಕ್ಕ ಬಳೆ ಅಡವಿಟ್ಟಿದ್ದಳು. ಮುಗಿಸಿ ಆಸ್ಪತ್ರೆಗಳಿಗೆ ಹೋದರೆ ‘ಕೌನ್ಸಿಲ್ ರಿಜಿಸ್ಟ್ರೇಷನ್ ಎಲ್ಲಿ?’ ಎಂಬ ಪ್ರಶ್ನೆ. ಅಂಥದ್ದೊಂದು ಇದೆ ಎಂಬುದೇ ನಮಗೆ ಗೊತ್ತಿರಲಿಲ್ಲ. ನನಗೂ, ಊರಿಗೆಲ್ಲ ಅರ್ಜಿ ತುಂಬಿಸುವವನಿಗೆ. ನರ್ಸ್ ಎನಿಸಿಕೊಳ್ಳಲು ಜಿಎನ್‌ಎಂ ಮೂರು ವರ್ಷ ಅಥವಾ ಬಿಎಸ್‌ಸಿ ನಾಲ್ಕು ವರ್ಷ. ಎಎನ್‌ಎಂ ಎರಡು ವರ್ಷ. ಸಂಸ್ಥೆಗೆ ರಾಜ್ಯದ ನರ್ಸಿಂಗ್ ಕೌನ್ಸಿಲಿನ ಮಾನ್ಯತೆ ಇರಬೇಕು. ಅದಕ್ಕಿಂತ ಕಡಿಮೆ ಅವಧಿಯದು ರೋಗಿ ನೋಡಿಕೊಳ್ಳುವ ಸಹಾಯಕಿಯ ಕೆಲಸ. ಅದೂ ಮರ್ಯಾದೆಯ ಕೆಲಸವೇ, ಕೆಲವು ತಿಂಗಳ ಉಚಿತ ಕೋರ್ಸಿನಲ್ಲೇ ಕಲಿಯಬಹುದು. ಅದಕ್ಕೆ ಬಳೆ ಅಡವಿಡಬೇಕಾಗಿಲ್ಲ.

ತಲಪಾಡಿಯ ಆಚೆ, ಈಚೆ

ಮಂಜೇಶ್ವರ, ಉಪ್ಪಳ, ಕುಂಬಳೆಯವರಿಗೆ ಮಂಗಳೂರು ಪೇಟೆ, ಆಸ್ಪತ್ರೆ, ಕಾಲೇಜು ಎಲ್ಲ. ಬೆಳಗ್ಗೆ ರೈಲು ಹತ್ತಿದರೆ ಸಂಜೆ ಮನೆ. ಭಾಷೆಯ ತೊಡಕಿಲ್ಲ. ಬೈಕಂಪಾಡಿಯಲ್ಲಿ ಟೂಲ್ ರೂಮ್ ತರಬೇತಿ ಕೇಂದ್ರ ಜಿಟಿಟಿಸಿ ಇದೆ, ಕದ್ರಿಯಲ್ಲಿ ಐಟಿಐ, ಪಾಲಿಟೆಕ್ನಿಕ್. ಹಾಗಾದರೆ ಅಲ್ಲೇ ಸೇರಿಸಬಾರದೇ?

ಖಾಸಗಿ ಕೆಲಸಕ್ಕೆ, ಅಪ್ರೆಂಟಿಸಿಗೆ ಖಂಡಿತ ಸೇರಿಸಬಹುದು. ಸರಕಾರಿ ಸೀಟು, ಸ್ಕಾಲರ್‌ಶಿಪ್ ಬೇಕಾದರೆ ಕಾಗದ ನೋಡಿ. ಕೇರಳದ ಜಾತಿ ಸರ್ಟಿಫಿಕೇಟು ಕರ್ನಾಟಕದ ಮೀಸಲಾತಿಗೆ ನಡೆಯುವುದಿಲ್ಲ. ಒಂದು ರಾಜ್ಯದ ಎಸ್‌ಸಿ, ಎಸ್‌ಟಿ ಸ್ಥಾನ ಇನ್ನೊಂದಕ್ಕೆ ಜೊತೆಗೆ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟು 1990ರಲ್ಲೇ ಹೇಳಿದೆ. ಮನೆಮಾತು ಒಂದೇ, ನೆಂಟಸ್ತಿಕೆ ಒಂದೇ, ದೈವ ಒಂದೇ, ಆದರೆ ಪಟ್ಟಿ ಬೇರೆ. ಹಾಗಾಗಿ ಮೀಸಲಾತಿ, ಸ್ಟೈಪೆಂಡ್ ನಂಬಿ ಓದಬೇಕಾದವರಿಗೆ ಈಚೆಯೇ ಲೇಸು. ಕರ್ನಾಟಕದ ಸಿಇಟಿ ಪ್ರವೇಶ ಪರೀಕ್ಷೆಯಲ್ಲಿ ಗಡಿನಾಡ ಕನ್ನಡಿಗರೆಂದು ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಕನ್ನಡ, ತುಳು, ಕೊಡವ ಮನೆಮಾತಿನವರಿಗೆ ಅರ್ಹತೆ ಕೊಟ್ಟಿದ್ದಾರೆ. ಎಂಜಿನಿಯರಿಂಗ್‌ನಂಥ ಕೋರ್ಸಿಗೆ ಹೋಗುವ ಮಕ್ಕಳು ಅದನ್ನು ಬಿಡಬಾರದು.

ಕಲಿತ ಮೇಲೆ ಎಲ್ಲಿ ದುಡಿಯುವುದು ಎಂಬುದೂ ಮೊದಲೇ ಯೋಚಿಸಬೇಕಾದ್ದು. ಐಟಿಐ ಸರ್ಟಿಫಿಕೇಟು ಎರಡೂ ಕಡೆ ಸಲ್ಲುತ್ತದೆ, ಆದರೆ ಸ್ವಂತವಾಗಿ ವೈರಿಂಗ್ ಮಾಡಲು ಬೇಕಾದ ವೈರ್‌ಮ್ಯಾನ್ ಪರ್ಮಿಟ್ ಕೇರಳದ್ದು ಬೇರೆ, ಕರ್ನಾಟಕದ್ದು ಬೇರೆ.

ಮತ್ತೆ 2020ರ ಮಾರ್ಚ್. ಕೊರೊನಾ ಕಾಲದಲ್ಲಿ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಮಂಗಳೂರಿಗೆ ದಿನಾ ಹೋಗಿ ಬರುತ್ತಿದ್ದವರು ರಾತ್ರಿ ಬೆಳಗಾಗುವುದರಲ್ಲಿ ಹೊರರಾಜ್ಯದವರಾದರು. ರೋಗಿಗಳೇ ದಾಟಲಾಗಲಿಲ್ಲ, ಇನ್ನು ಕೆಲಸದವರು ಎಲ್ಲಿಯ ಲೆಕ್ಕ. ಅಂಥದ್ದು ದಿನಾ ಆಗುವುದಿಲ್ಲ. ಆದರೂ ಅಂದಿನಿಂದ, ಆಚೆ ಕೆಲಸವಿದ್ದರೂ ಈಚೆಯ ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನಲ್ಲಿ ಹೆಸರು ಜೀವಂತ ಇಟ್ಟುಕೊಳ್ಳಿ ಎಂದು ಹೇಳುತ್ತೇನೆ.

ಕನ್ನಡ ಬಲ್ಲವರಿಗೆ ತೆರೆದ ಬಾಗಿಲು

ಕನ್ನಡ ಕಲಿತು ಏನು ಸಿಕ್ಕಿತು ಎಂದು ಕೇಳುವವರಿಗೆ ಪಿಎಸ್‌ಸಿ ನೋಟಿಫಿಕೇಷನ್ ತೋರಿಸುತ್ತೇನೆ. ಕಾಸರಗೋಡಿನಲ್ಲಿ ಮಲಯಾಳ, ಕನ್ನಡ ಎರಡೂ ಬಲ್ಲ ಕ್ಲಾರ್ಕ್ ಹುದ್ದೆಗಳಿಗೆ ಪ್ರತ್ಯೇಕವಾಗಿ ಕರೆಯುತ್ತಾರೆ. ಕನ್ನಡ ಮಾಧ್ಯಮದ ಎಲ್‌ಪಿ, ಯುಪಿ (ಕಿರಿಯ, ಹಿರಿಯ ಪ್ರಾಥಮಿಕ) ಅಧ್ಯಾಪಕ ಹುದ್ದೆಗಳೂ ಹಾಗೆಯೇ. ಮಾಯಿಪ್ಪಾಡಿಯ ಜಿಲ್ಲಾ ಶಿಕ್ಷಣ ತರಬೇತಿ ಸಂಸ್ಥೆ ಡಯಟ್‌ನಲ್ಲಿ ಕನ್ನಡದಲ್ಲಿ ಎರಡು ವರ್ಷದ ಪ್ರಾಥಮಿಕ ಶಿಕ್ಷಕ ತರಬೇತಿ ಡಿಇಎಲ್‌ಇಡಿ ಓದಬಹುದು. ಲಾಸ್ಟ್ ಗ್ರೇಡ್, ಅಂದರೆ ಕೊನೆಯ ದರ್ಜೆಯ ಹುದ್ದೆಗೆ ಏಳನೆಯದು ಪಾಸಾಗಿದ್ದರೆ ಸಾಕು, ಡಿಗ್ರಿ ಇರಬಾರದು. ಸಾಮಾನ್ಯ ವಿಭಾಗಕ್ಕೆ 36 ವರ್ಷದವರೆಗೆ, ಒಬಿಸಿಗೆ 39, ಎಸ್‌ಸಿ, ಎಸ್‌ಟಿಗೆ 41. ಕೇರಳ ಪಿಎಸ್‌ಸಿಗೆ ಅರ್ಜಿ ಫೀಸಿಲ್ಲ. ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಕೊಡುವುದು ಅವರ ಸೇವೆಯ ದುಡ್ಡು.

ಆದರೆ ಪಿಎಸ್‌ಸಿ ಕಾಯುವವರ ಆಟ. ಪರೀಕ್ಷೆ, ರ‍್ಯಾಂಕ್ ಲಿಸ್ಟ್, ಅಡ್ವೈಸ್ ಮೆಮೊ ಎಂದು ವರ್ಷಗಳು ಹೋಗುತ್ತವೆ. ಕೆಲಸ ಬಿಟ್ಟು ಕೋಚಿಂಗಿಗೆ ಕೂತವರಿಗಿಂತ ಕೆಲಸ ಮಾಡುತ್ತ ರಾತ್ರಿ ಗ್ರಂಥಾಲಯದಲ್ಲಿ ಓದಿದವರೇ ನಮ್ಮೂರಲ್ಲಿ ಹೆಚ್ಚು ಮಂದಿ ಸೇರಿದ್ದಾರೆ. ಬಹುಶಃ ಅವರಿಗೆ ಹತಾಶೆಯಾಗಲು ಪುರುಸೊತ್ತಿರಲಿಲ್ಲ.

ಒಂದು ಕಹಿ ಮಾತು. ಮಲಯಾಳ ಮಾತಾಡಬಲ್ಲ, ಓದಲಾರದ ಹುಡುಗರು ನಮ್ಮಲ್ಲಿ ಬಹಳ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ನಮಗೆ ಕನ್ನಡದಲ್ಲಿ ಪತ್ರ ಬರೆಯುವ ಹಕ್ಕು ಕೊಟ್ಟಿದೆ. ಆ ಹಕ್ಕನ್ನು ಬಿಟ್ಟುಕೊಡಬೇಡಿ. ಆದರೆ ಐಟಿಐಯ ನೋಟಿಸ್ ಬೋರ್ಡು ಹಕ್ಕು ಕೇಳಿಕೊಂಡು ಕಾಯುವುದಿಲ್ಲ. ಕನ್ನಡ ಲಿಪಿ ಬಲ್ಲವನು ದಿನಾ ಅರ್ಧ ಗಂಟೆ ಕೂತರೆ ಒಂದೆರಡು ತಿಂಗಳಲ್ಲಿ ಬಸ್ಸಿನ ಬೋರ್ಡಿನಿಂದ ಪತ್ರಿಕೆಯವರೆಗೆ ಓದುತ್ತಾನೆ. ಸಾಕ್ಷರತಾ ಮಿಷನ್ನಿನ ‘ಪಚ್ಚ ಮಲಯಾಳಂ’ ಕೋರ್ಸೂ ಇದೆ.

ಪೋಸ್ಟರಿನ ನಂಬರಿಗೆ ಕೇಳಬೇಕಾದ್ದು

ಆ ಹುಡುಗನ ಎದುರೇ ನಂಬರಿಗೆ ಫೋನು ಹಚ್ಚಿದೆ. ಯಾವ ಯೋಜನೆ? ಸರ್ಟಿಫಿಕೇಟು ಯಾರು ಕೊಡುತ್ತಾರೆ, ಅದರಲ್ಲಿ ಎನ್‌ಸಿವಿಇಟಿ (ಕೇಂದ್ರದ ಕೌಶಲ ತರಬೇತಿ ನಿಯಂತ್ರಕ ಮಂಡಳಿ) ಗುರುತು ಇರುತ್ತದಾ? ಕಳೆದ ಬ್ಯಾಚಿನ ಇಬ್ಬರ ಜೊತೆ ಮಾತಾಡಬಹುದಾ? ಒರಿಜಿನಲ್ ಸರ್ಟಿಫಿಕೇಟು ಇಟ್ಟುಕೊಳ್ಳುತ್ತೀರಾ? ಕೊನೆಯ ಪ್ರಶ್ನೆಗೆ ಆ ಕಡೆಯಿಂದ “ಇಡಬೇಕಾಗ್ತದೆ ಸಾರ್, ಜೊತೆಗೆ ರಿಜಿಸ್ಟ್ರೇಷನ್ನಿಗೆ 2,000” ಎಂಬ ಉತ್ತರ ಬಂತು. ಉಳಿದವಕ್ಕೆ ಬರಲಿಲ್ಲ.

ಹುಡುಗ ಮೊಬೈಲನ್ನು ಕಿಸೆಗೆ ಹಾಕಿಕೊಂಡ. ಆಮೇಲೆ ಇಬ್ಬರೂ ಕೂತು ಲೆಕ್ಕ ಹಾಕಿದೆವು. ವೆಲ್ಡರ್ ಒಂದು ವರ್ಷ, ಶನಿ ಭಾನು ಅಡಿಕೆ, ಅಮ್ಮನ ಬೀಡಿ, ಮಳೆಗಾಲದ ಮೂರು ತಿಂಗಳು ಹೇಗೂ ಕೂಲಿ ಅಷ್ಟಕ್ಕಷ್ಟೇ. ಎರಡು ತಿಂಗಳು ಎಂದಿದ್ದ ಮನೆ ಕಾಗದದ ಮೇಲೆ ಹನ್ನೊಂದು ತಿಂಗಳವರೆಗೆ ಎಳೆಯಿತು. ಒಂದು ತಿಂಗಳಿನದು ಎಲ್ಲಿಂದ ಎಂದು ಇನ್ನೂ ಗೊತ್ತಾಗಿಲ್ಲ. ಆದಾಯ ಸರ್ಟಿಫಿಕೇಟಿಗೆ ಅವನು ಸೋಮವಾರ ವಿಲ್ಲೇಜ್ ಆಫೀಸಿಗೆ ಹೋಗುತ್ತಾನೆ. ಅರ್ಧ ದಿನದ ಕೂಲಿ ಅಲ್ಲಿಗೆ ಹೋಯಿತು.